ಬಟ್ಟೆ ಕತ್ತರಿಸಿದ ಮೇಲೆ ಆರ್ಡರ್ ರದ್ದಾದರೆ

ನಿಮ್ಮ ಹೊಲಿಗೆ ಘಟಕ ನಾಲ್ಕು ಸಾವಿರ ಜೀನ್ಸ್‌ಗೆ ಬಟ್ಟೆ ಕತ್ತರಿಸಿ ಅರ್ಧ ಹೊಲಿದಾದ ಮೇಲೆ, ಆರ್ಡರ್ ಕೊಟ್ಟ ಮಳಿಗೆ ಸರಣಿಯವರು ‘ವಿಳಂಬ’ವೆಂದು ಅದನ್ನು ರದ್ದು ಮಾಡಿದ್ದಾರೆ, ಏನು ಮಾಡಲಿ ಎಂದು ಕೇಳಿದ್ದೀರಿ. ಅವರು ಹಿಡಿದಿರುವುದು ಬಹುಶಃ ಆರ್ಡರ್ ಪತ್ರದ ಸಣ್ಣ ಅಕ್ಷರದ ಗಡುವಿನ ಷರತ್ತನ್ನು. ಆದರೆ ಮಾದರಿಗೆ ಒಪ್ಪಿಗೆ ಕೊಡಲು ಅವರೇ ಮೂರು ವಾರ ತೆಗೆದುಕೊಂಡರು ಎಂದು ಬರೆದಿದ್ದೀರಿ. ನಿಮ್ಮ ಬಲವೆಲ್ಲ ಅಲ್ಲಿದೆ. ಮೊದಲು ಮಾಡಬೇಕಾದ್ದನ್ನು ಮಾಡದವರು ಎದುರಿನವರಿಂದ ಮುಂದಿನದನ್ನು ಕೇಳುವಂತಿಲ್ಲ, ನಷ್ಟವನ್ನೂ ತುಂಬಿಕೊಡಬೇಕು ಎನ್ನುತ್ತದೆ 1872ರ ಭಾರತೀಯ ಕರಾರು ಕಾಯ್ದೆಯ 54ನೇ ಕಲಂ.

ರದ್ದತಿಯನ್ನು ಒಪ್ಪಿಲ್ಲವೆಂದು ಇವತ್ತೇ ಇಮೇಲ್ ಬರೆಯಿರಿ. ಫೋನಿನಲ್ಲಿ ಮಾತು ಬೇಡ. ಮಾದರಿ ಕಳಿಸಿದ ಕೊರಿಯರ್ ಚೀಟಿ, ಒಪ್ಪಿಗೆ ಬಂದ ದಿನದ ಮೇಲ್, ಬಟ್ಟೆಯ ಬಿಲ್ಲು ಜೊತೆಗಿರಲಿ. ಕತ್ತರಿಸಿದ ಕಟ್ಟುಗಳನ್ನು ಎಣಿಸಿ, ಪ್ರತಿ ಕಟ್ಟಿನ ಚೀಟಿ ಕಾಣುವಂತೆ ಫೋಟೊ ತೆಗೆಯಿರಿ. ನಮ್ಮ ಘಟಕದಲ್ಲಿ ಇಂಥದೇ ಆದಾಗ ಆರ್ಡರ್ ಕೊಟ್ಟವರು ಮೊದಲು ಪ್ರಶ್ನಿಸಿದ್ದು ಆ ಎಣಿಕೆಯನ್ನೇ.

ಆಮೇಲೆ ಮಾಲನ್ನು ಬೇರೆಯವರಿಗೆ ಮಾರಲು ಪ್ರಯತ್ನಿಸಿ. ಸುಮ್ಮನೆ ಕೂತರೆ ಅದೇ ಕಾಯ್ದೆಯ 73ನೇ ಕಲಂನಡಿ ಸಿಗುವ ಪರಿಹಾರ ಕಡಿಮೆಯಾಗಬಹುದು. ಆದರೆ ಸೊಂಟದ ಹಿಂದಿನ ಚರ್ಮದ ಪಟ್ಟಿ, ಹೆಸರು ಅಚ್ಚೊತ್ತಿದ ಲೋಹದ ಗುಂಡಿ ತೆಗೆಯದೆ ಒಂದನ್ನೂ ಹೊರಗೆ ಬಿಡಬೇಡಿ. ಟ್ರೇಡ್‌ಮಾರ್ಕ್ ಮೊಕದ್ದಮೆ ನಿಮ್ಮ ಮೇಲೆಯೇ ಬಂದೀತು.

ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ ಕೊಡುವ ನೋಂದಣಿ) ಇದ್ದರೆ, ಈಗಾಗಲೇ ತಲುಪಿಸಿದ ಮಾಲಿನ ಬಾಕಿಗೆ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳ ಸೌಲಭ್ಯ ಮಂಡಳಿಗೆ ದೂರು ಕೊಡಿ. ತಲುಪಿಸದ ಮಾಲಿಗೆ ಆ ದಾರಿ ಅನುಮಾನ. ಅದಕ್ಕೆ ವಕೀಲರ ನೋಟಿಸ್. ಬಗ್ಗದಿದ್ದರೆ, ಮೊತ್ತ 3 ಲಕ್ಷ ರೂಪಾಯಿ ಮುಟ್ಟಿದ್ದರೆ, ವಾಣಿಜ್ಯ ನ್ಯಾಯಾಲಯ. ತುರ್ತು ತಡೆಯಾಜ್ಞೆ ಬೇಕಿಲ್ಲದ ದಾವೆಗೆ ಮುನ್ನ ಮಧ್ಯಸ್ಥಿಕೆ (ಮೂರನೆಯವರ ಸಮ್ಮುಖದ ರಾಜಿ ಮಾತುಕತೆ) ಕಡ್ಡಾಯ. ಆರ್ಡರಿನಲ್ಲಿ ಆರ್ಬಿಟ್ರೇಷನ್ ಷರತ್ತು (ವ್ಯಾಜ್ಯವನ್ನು ನ್ಯಾಯಾಲಯದ ಬದಲು ಖಾಸಗಿ ತೀರ್ಪುಗಾರರ ಮುಂದಿಡುವ ಒಪ್ಪಂದ) ಇದ್ದರೆ ದಾರಿಯೇ ಬದಲಾಗುತ್ತದೆ. ವಕೀಲರಿಗೆ ಮೊದಲು ಆ ಪುಟ ತೋರಿಸಿ.