ತಾಜ್‌ಮಹಲ್ ಕಟ್ಟಿದವರ ಕೈ ಕತ್ತರಿಸಿದ್ದು ನಿಜಾನಾ, ಮೇಡಂ?

ಈ ಸಲ ಬಂದ ಓದುಗರ ಪತ್ರಗಳಲ್ಲಿ ರಾಜರ ಬಗ್ಗೆ ಕೇಳಿದವರು ಕಮ್ಮಿ. ಕಲ್ಲು ಹೊತ್ತವರು, ಕೆತ್ತಿದವರು, ಬರೆದವರ ಬಗ್ಗೆ ಕೇಳಿದವರೇ ಜಾಸ್ತಿ. ಚಿತ್ರದುರ್ಗದಲ್ಲಿ ಹೈಸ್ಕೂಲ್ ಮಕ್ಕಳಿಗೆ ಇತಿಹಾಸ ಪಾಠ ಮಾಡಿ ನಿವೃತ್ತಳಾದ ನನಗೆ ಇದು ತುಂಬಾ ಖುಷಿಯ ವಿಷಯ.

ಪ್ರಶ್ನೆ: ಮೇಡಂ, ಕಟ್ಟಿ ಮುಗಿದ ಮೇಲೆ ಷಹಜಹಾನ್ ಕೆಲಸಗಾರರ ಕೈ ಕತ್ತರಿಸಿಬಿಟ್ಟ ಅಂತ ಆಗ್ರಾದಲ್ಲಿ ಗೈಡ್ ಹೇಳಿದ. ನಿಜಾನಾ? – ಕಲ್ಲು ಕೆಲಸದ ಮೇಸ್ತ್ರಿ, ಹೊಸದುರ್ಗ

ನಿಜ ಅಲ್ಲ. ನೀವೇ ಮೇಸ್ತ್ರಿ, ನಿಮಗೆ ಇದು ಬೇಗ ಗೊತ್ತಾಗುತ್ತದೆ. ಮುಮ್ತಾಜ್ ತೀರಿಕೊಂಡಿದ್ದು 1631ರಲ್ಲಿ. ಮರುವರ್ಷ ಕೆಲಸ ಶುರುವಾಯಿತು. ಸುತ್ತಲಿನ ಕಟ್ಟಡ, ತೋಟ ಎಲ್ಲ ಸೇರಿ ಮುಗಿಯುವ ಹೊತ್ತಿಗೆ ಸುಮಾರು 1653. ಆ ಕೆಲಸ ನಡೆಯುತ್ತಿದ್ದಾಗಲೇ, 1639ರಲ್ಲಿ, ಅದೇ ಷಹಜಹಾನ್ ದೆಹಲಿಯ ಕೆಂಪು ಕೋಟೆಗೆ ಪಾಯ ಹಾಕಿಸಿದ. ಆಮೇಲೆ ಅಲ್ಲೇ ಜಾಮಾ ಮಸೀದಿ. ತಾಜ್ ಮತ್ತು ಕೆಂಪು ಕೋಟೆ ಎರಡನ್ನೂ ಕಟ್ಟಿದ್ದು ನಮ್ಮಪ್ಪ ಉಸ್ತಾದ್ ಅಹ್ಮದ್ ಲಾಹೋರಿ ಅಂತ ಮಗ ಲುತ್ಫುಲ್ಲಾ ಪದ್ಯದಲ್ಲಿ ಬರೆದಿಟ್ಟಿದ್ದಾನೆ. ಸಾಲುಸಾಲು ಕೆಲಸ ಹಿಡಿದ ದೊರೆ, ಪಳಗಿದ ಆಳುಗಳ ಕೈ ಕಡಿದು ಕೂರುತ್ತಾನಾ? ಆ ಕಾಲದ ಬರಹಗಳಲ್ಲಿ ಇದಕ್ಕೆ ಪುರಾವೆಯೇ ಇಲ್ಲ. ಬದಲಿಗೆ ತಾಜ್‌ನ ಕಲ್ಲುಗಳ ಮೇಲೆ ಕೆಲಸಗಾರರು ತಾವೇ ಕೆತ್ತಿದ ಗುರುತುಗಳಿವೆ. ನಕ್ಷತ್ರ, ತ್ರಿಕೋನ, ಸ್ವಸ್ತಿಕ. ಇದು ನನ್ನ ಕೆಲಸ ಅಂತ ಹೇಳುವ ಗುರುತುಗಳು.

ಈ ಕತೆ ಆಗ್ರಾದ್ದು ಮಾತ್ರ ಅಲ್ಲ. ಮಾಸ್ಕೋದ ಸೇಂಟ್ ಬೇಸಿಲ್ ಚರ್ಚಿಗೂ ಇದೆ. ಇನ್ನೊಂದು ಇಂಥದ್ದು ಕಟ್ಟಬಾರದು ಅಂತ ದೊರೆ ಇವಾನ್, ಶಿಲ್ಪಿ ಪೋಸ್ಟ್ನಿಕ್‌ನ ಕಣ್ಣು ಕೀಳಿಸಿದನಂತೆ. ಆದರೆ ಅದಾದ ಮೇಲೆ ಕಜಾನ್ ಊರಿನ ಕೋಟೆ ಕೆಲಸದಲ್ಲಿ ಅದೇ ಪೋಸ್ಟ್ನಿಕ್‌ನ ಹೆಸರು ಬರುತ್ತದೆ! ಪ್ರಾಗ್ ನಗರದ ಹಳೇ ಗಡಿಯಾರಕ್ಕೂ ಹೀಗೇ ಕಣ್ಣು ಕೀಳಿಸಿದ ಕತೆ ಉಂಟು. ಕತೆಯಲ್ಲಿ ಬರುವ ಕುಶಲಕರ್ಮಿ ಹನೂಷ್. 1410ರಲ್ಲಿ ನಿಜವಾಗಿ ಗಡಿಯಾರ ಮಾಡಿದವನು ಕಾದಾನ್‌ನ ಮಿಕುಲಾಷ್ ಅಂತ ಆಮೇಲೆ ಸಿಕ್ಕ ದಾಖಲೆ ಹೇಳಿತು.

ನಮ್ಮಲ್ಲಿ ಜಕಣಾಚಾರಿ ಇದ್ದಾನಲ್ಲ. ವಿಗ್ರಹದ ಹೊಟ್ಟೆಯೊಳಗಿನ ಕಪ್ಪೆ, ತಪ್ಪು ತೋರಿಸಿದ ಮಗ ಡಂಕಣ, ತನ್ನ ಕೈ ತಾನೇ ಕಡಿದುಕೊಂಡ ತಂದೆ. ಕತೆ ಚೆನ್ನಾಗಿದೆ, ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಆದರೆ ನೀವು ಬೇಲೂರಿಗೆ ಹೋದಾಗ ಮದನಿಕೆಯರ ಪೀಠದ ಕಡೆ ಕಣ್ಣು ಹಾಯಿಸಿ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿಟ್ಟಿದ್ದಾರೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರಿದೆ. ಇವರು ನಿಜವಾಗಿ ಬಾಳಿದವರು, ನಿಮ್ಮ ಹಾಗೆ ಉಳಿ ಸುತ್ತಿಗೆ ಹಿಡಿದವರು. ಕೈ ಕಡಿದ ಕತೆ ಎಲ್ಲರ ಬಾಯಲ್ಲೂ ಇದೆ, ಈ ಹೆಸರುಗಳು ಮಾತ್ರ ಯಾರಿಗೂ ಗೊತ್ತಿಲ್ಲ. ನನಗೆ ಸಂಕಟ ಆಗುವುದು ಅದಕ್ಕೇ. ನಿಮ್ಮ ಜೊತೆ ಕೆಲಸ ಮಾಡುವ ಹುಡುಗರಿಗೆ ಈ ಮೂರು ಹೆಸರು ಹೇಳಿಕೊಡಿ.

ಪ್ರಶ್ನೆ: ಕೃಷ್ಣದೇವರಾಯ ನಮ್ಮೂರಿಗೆ ಬಂದಿದ್ದರೆ ಮಂಡಕ್ಕಿ-ಮೆಣಸಿನಕಾಯಿ ತಿನ್ನುತ್ತಿದ್ದನಾ? ಹಾಸ್ಟೆಲ್‌ನಲ್ಲಿ ಪಂದ್ಯ ಕಟ್ಟಿದ್ದೀವಿ. – ಕಾಲೇಜು ವಿದ್ಯಾರ್ಥಿನಿ, ದಾವಣಗೆರೆ

ಮಂಡಕ್ಕಿಗೆ ತೊಂದರೆ ಇಲ್ಲ, ಅದು ಅಕ್ಕಿ. ಬಜ್ಜಿಯ ಹಿಟ್ಟಿಗೂ ತೊಂದರೆ ಇಲ್ಲ, ಕಡಲೆ ನಮ್ಮ ದೇಶದಲ್ಲಿ ಬಹಳ ಹಳೇ ಬೆಳೆ. ತೊಡಕು ಇರುವುದು ಒಳಗಿನ ಕಾಯಿಯಲ್ಲಿ. ಮೆಣಸಿನಕಾಯಿಯ ತವರು ಅಮೆರಿಕ ಖಂಡ. ಮೆಕ್ಸಿಕೋ ಕಡೆಯ ಜನ ಸಾವಿರಾರು ವರ್ಷದಿಂದ ಅದನ್ನು ಬೆಳೆಯುತ್ತಿದ್ದರು. 1492ರಲ್ಲಿ ಕೊಲಂಬಸ್ ಅಲ್ಲಿಗೆ ಹೋಗುವ ತನಕ ಏಷ್ಯಾದಲ್ಲಿ ಯಾರೂ ಅದರ ಮುಖ ನೋಡಿರಲಿಲ್ಲ. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದಿದ್ದು 1498. ಪೋರ್ಚುಗೀಸರು ಗೋವಾ ಹಿಡಿದಿದ್ದು 1510. ಮೆಣಸಿನಕಾಯಿ ಬಂದಿದ್ದು ಅವರ ಹಡಗುಗಳಲ್ಲಿ. ಕೃಷ್ಣದೇವರಾಯ ಆಳಿದ್ದು 1509ರಿಂದ 1529. ಅಂದರೆ ಬೀಜ ಕರಾವಳಿಗೆ ಬಂದಿಳಿಯುವ ಕಾಲ ಅದು. ದಾವಣಗೆರೆಯ ಬಾಣಲೆಯಲ್ಲಿ ತಟ್ಟೆಗಟ್ಟಲೆ ಬೇಯುವ ಕಾಲ ಇನ್ನೂ ದೂರ ಇತ್ತು. ರಾಯನಿಗೆ ಖಾರ ಬೇಕಾದಾಗ ಕರಿಮೆಣಸು, ಶುಂಠಿ ಇದ್ದವು.

ಬೆಣ್ಣೆ ದೋಸೆಯನ್ನೂ ಸ್ವಲ್ಪ ನೋಡೋಣ. ದೋಸೆ ಹಳೆಯದು. ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ಮಾನಸೋಲ್ಲಾಸದಲ್ಲಿ ದೋಸೆಯೂ ಇದೆ, ಇಡ್ಲಿಗೆ ಹತ್ತಿರದ ತಿಂಡಿಯೂ ಇದೆ. ಆದರೆ ದೋಸೆ ಪಕ್ಕ ಇಡುವ ಆಲೂಗಡ್ಡೆ ಪಲ್ಯ? ಆಲೂಗಡ್ಡೆ ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳದ್ದು. ಚಟ್ನಿಗೆ ಹಾಕುವ ಹಸಿಮೆಣಸಿನಕಾಯಿ ಆಗಲೇ ಹೇಳಿದೆ. ನಿಮ್ಮ ಜಿಲ್ಲೆಯ ಹೊಲಗಳ ತುಂಬಾ ನಿಂತಿರುವ ಮೆಕ್ಕೆಜೋಳ ಮೆಕ್ಸಿಕೋದ್ದು. ನಮ್ಮ ಚಳ್ಳಕೆರೆಯ ಎಣ್ಣೆ ಮಿಲ್ಲುಗಳಿಗೆ ಹೋಗುವ ಶೇಂಗಾ ದಕ್ಷಿಣ ಅಮೆರಿಕದ್ದು. ಅಷ್ಟು ದೂರದಿಂದ ಬಂದ ಬೀಜವನ್ನು ಈ ಮಣ್ಣಿಗೆ, ಈ ಮಳೆಗೆ ಹೊಂದಿಸಿಕೊಂಡಿದ್ದು ಇಲ್ಲಿನ ರೈತರು. ಅದನ್ನು ನಮ್ಮದು ಅನ್ನುವುದರಲ್ಲಿ ಸುಳ್ಳೇನೂ ಇಲ್ಲ.

ಪಂದ್ಯದಲ್ಲಿ ‘ತಿನ್ನುತ್ತಿರಲಿಲ್ಲ’ ಅಂದವರು ಗೆದ್ದರು.

ಪ್ರಶ್ನೆ: ಚಂದ್ರನಿಂದ ನೋಡಿದರೆ ಚೀನಾದ ಮಹಾಗೋಡೆ ಕಾಣುತ್ತೆ ಅಂತ ಜನರಲ್ ನಾಲೆಜ್ ಪುಸ್ತಕದಲ್ಲಿದೆ. ಮಕ್ಕಳಿಗೆ ಬಾಯಿಪಾಠ ಮಾಡಿಸಲಾ? – ಪ್ರಾಥಮಿಕ ಶಾಲಾ ಶಿಕ್ಷಕ, ಹಿರಿಯೂರು

ಬೇಡ ಸರ್. ಚಂದ್ರ ಸುಮಾರು 3,84,000 ಕಿಲೋಮೀಟರ್ ದೂರ ಇದೆ. ಗೋಡೆ ಸಾವಿರಾರು ಕಿಲೋಮೀಟರ್ ಉದ್ದ ನಿಜ, ಆದರೆ ಅಗಲ ಹತ್ತು ಮೀಟರ್ ಕೂಡ ಇಲ್ಲ. ಬಣ್ಣವೂ ಸುತ್ತಲಿನ ಮಣ್ಣು, ಕಲ್ಲಿನದ್ದೇ. ಹಿರಿಯೂರು ದಾಟಿ ಹೋಗುವ ರಾಷ್ಟ್ರೀಯ ಹೆದ್ದಾರಿ ಅದಕ್ಕಿಂತ ಅಗಲ. ಗೋಡೆ ಕಾಣುವುದಾದರೆ ಹೆದ್ದಾರಿ ಅದಕ್ಕಿಂತ ಮೊದಲು ಕಾಣಬೇಕು, ಅಲ್ವಾ? ಚೀನಾದ ಮೊದಲ ಗಗನಯಾತ್ರಿ ಯಾಂಗ್ ಲಿವೇ 2003ರಲ್ಲಿ ಹೋಗಿ ಬಂದು, ನನಗೆ ಗೋಡೆ ಕಾಣಲಿಲ್ಲ ಅಂತ ಹೇಳಿದರು. ಅವರು ಹೋಗಿದ್ದು ಚಂದ್ರನಷ್ಟು ದೂರಕ್ಕಲ್ಲ, ಭೂಮಿಯನ್ನು ಹತ್ತಿರದಿಂದಲೇ ಸುತ್ತುತ್ತಿದ್ದರು. ಇನ್ನೊಂದು ಮಾತು. ಗೋಡೆ ಚಂದ್ರನಿಂದ ಕಾಣುತ್ತೆ ಅನ್ನುವುದು 1930ರ ದಶಕದಲ್ಲೇ ಅಚ್ಚಾಗಿತ್ತು. ಮನುಷ್ಯ ಬಾಹ್ಯಾಕಾಶಕ್ಕೆ ಹೋಗಿದ್ದು 1961ರಲ್ಲಿ. ನೋಡಿ ಬಂದವರು ಯಾರು ಅಂತ ಮಕ್ಕಳ ಕೈಲೇ ಕೇಳಿಸಿ.

ಪ್ರಶ್ನೆ: ನಮ್ಮ ದುರ್ಗದ ಕೋಟೆಯಿಂದ ಶ್ರೀರಂಗಪಟ್ಟಣಕ್ಕೆ ಸುರಂಗ ಇದೆಯಂತೆ. ಅಜ್ಜ ಹೇಳುತ್ತಿದ್ದರು. – ಆಟೋ ಚಾಲಕ, ಚಿತ್ರದುರ್ಗ

ಇಲ್ಲಪ್ಪ. ನೇರ ಗೆರೆ ಎಳೆದರೂ ಶ್ರೀರಂಗಪಟ್ಟಣ 200 ಕಿಲೋಮೀಟರ್ ದೂರ. ಈಗಿನ ಯಂತ್ರ ಇಟ್ಟುಕೊಂಡು ಇಂಗ್ಲೆಂಡ್-ಫ್ರಾನ್ಸ್ ನಡುವೆ ಸಮುದ್ರದಡಿ ಕೊರೆದ ಸುರಂಗವೇ ಸುಮಾರು 50 ಕಿಲೋಮೀಟರ್. ನಮ್ಮ ಬೆಟ್ಟ ಎಂಥ ಬಂಡೆ ಅಂತ ನಿಮಗೇ ಗೊತ್ತು. ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಬೇರೆ ಇದೆ. 1779ರಲ್ಲಿ ಕೋಟೆ ಬಿದ್ದಾಗ ಮದಕರಿ ನಾಯಕರು ಹೈದರಾಲಿಯ ಕೈಗೆ ಸೆರೆ ಸಿಕ್ಕರು. ಊರಾಚೆ ಬಿಡುವಂಥ ಸುರಂಗ ಇದ್ದಿದ್ದರೆ ಅವರು ಯಾಕೆ ಸಿಕ್ಕಿಬೀಳುತ್ತಿದ್ದರು?

ಅಜ್ಜ ಸುಮ್ನೆ ಹೇಳಿರಲಾರರು. ಚಂದ್ರವಳ್ಳಿಯ ಅಂಕಲಿ ಮಠದಲ್ಲಿ ನೆಲದೊಳಗೆ ಇಳಿಯುತ್ತಾ ಹೋಗುವ ಕೋಣೆಗಳಿವೆ. ಟಾರ್ಚ್ ಆರಿಸಿದರೆ ನಮ್ಮ ಕೈ ನಮಗೇ ಕಾಣದು. ಅಲ್ಲಿ ಇಳಿದು ಬಂದವರಿಗೆ ಇದು ಇನ್ನೂ ಎಲ್ಲಿಗೋ ಹೋಗುತ್ತದೆ ಅನ್ನಿಸುವುದು ಸಹಜ. ಆದರೆ ನಮ್ಮ ಕೋಟೆಯ ನಿಜವಾದ ಜಾಣತನ ನೋಡಬೇಕಾದರೆ ಎರಡು ಕಡೆ ಹೋಗಿ. ಒಂದು, ಓಬವ್ವನ ಕಿಂಡಿ. ಮೈ ಕುಗ್ಗಿಸಿಕೊಂಡು ಒಬ್ಬರೇ ತೂರಬೇಕು. ಒನಕೆ ಹಿಡಿದು ನಿಂತ ಒಬ್ಬ ಹೆಂಗಸು ಒಂದು ಪಡೆಯನ್ನು ತಡೆದ ಕತೆ ಆ ಜಾಗ ನೋಡಿದರೆ ತಾನೇ ಅರ್ಥವಾಗುತ್ತದೆ. ಇನ್ನೊಂದು, ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿ ಹೊಂಡ. ಬಂಡೆ ಮೇಲೆ ಬಿದ್ದ ಮಳೆ ನೀರು ಮೇಲಿನ ಹೊಂಡ ತುಂಬಿ ಕೆಳಗಿನದಕ್ಕೆ ಇಳಿಯುವ ಹಾಗೆ ಮಾಡಿದ್ದಾರೆ. ಮಳೆ ಕಮ್ಮಿ ಇರುವ ಈ ಸೀಮೆಯಲ್ಲಿ ಮುತ್ತಿಗೆಯ ಕಾಲಕ್ಕೆ ಜೀವ ಉಳಿಸುತ್ತಿದ್ದುದು ಈ ನೀರು. ನಿಮ್ಮ ಆಟೋ ಹತ್ತುವ ಪ್ರವಾಸಿಗರಿಗೆ ಸುರಂಗದ ಬದಲು ಇದನ್ನು ಹೇಳಿ.

ಪ್ರಶ್ನೆ: ಪಿರಮಿಡ್ ಕಟ್ಟಿಸಿದ್ದು ಕ್ಲಿಯೋಪಾತ್ರಾನಾ? ಗುಲಾಮರಿಗೆ ಚಾಟಿಯಲ್ಲಿ ಹೊಡೆದು ಕಟ್ಟಿಸಿದರಾ? – ಒಂಬತ್ತನೇ ತರಗತಿ ವಿದ್ಯಾರ್ಥಿ, ಹರಿಹರ

ಎರಡೂ ಅಲ್ಲ ಪುಟ್ಟಾ. ಗೀಜಾದ ದೊಡ್ಡ ಪಿರಮಿಡ್ ದೊರೆ ಖುಫುವಿನದ್ದು, ಸುಮಾರು ಕ್ರಿ.ಪೂ. 2560ರದ್ದು. ಕ್ಲಿಯೋಪಾತ್ರಾ ಸತ್ತಿದ್ದು ಕ್ರಿ.ಪೂ. 30ರಲ್ಲಿ. ನಡುವೆ 2,500 ವರ್ಷ! ಅವಳಿಂದ 1969ರಲ್ಲಿ ಮನುಷ್ಯ ಚಂದ್ರನ ಮೇಲೆ ಇಳಿದ ದಿನಕ್ಕೆ ಸುಮಾರು 2,000 ವರ್ಷ. ಅಂದರೆ ಕಾಲದ ಲೆಕ್ಕದಲ್ಲಿ ಅವಳು ಪಿರಮಿಡ್‌ಗಿಂತ ನಮಗೇ ಹತ್ತಿರ.

ಇನ್ನು ಕೆಲಸಗಾರರು. 1990ರಲ್ಲಿ ಗೀಜಾದಲ್ಲಿ ಒಂದು ಕುದುರೆ ಮಣ್ಣಿನ ಇಟ್ಟಿಗೆಯ ಗೋಡೆಗೆ ಎಡವಿತು. ಅಗೆದು ನೋಡಿದರೆ ಅವು ಕೆಲಸಗಾರರ ಸಮಾಧಿಗಳು. ದೊರೆಯ ಪಿರಮಿಡ್ ಹತ್ತಿರವೇ, ಮರ್ಯಾದೆಯಿಂದ ಮಣ್ಣು ಮಾಡಿದ್ದರು. ಮುರಿದು ಮತ್ತೆ ಕೂಡಿದ ಮೂಳೆಗಳೂ ಸಿಕ್ಕವು. ಅಂದರೆ ಪೆಟ್ಟಾದವರಿಗೆ ಆರೈಕೆ ಸಿಗುತ್ತಿತ್ತು. ಅವರು ಇದ್ದ ಊರಿನಲ್ಲಿ ರೊಟ್ಟಿ ಬೇಯಿಸುವ ಜಾಗಗಳು, ದನ-ಕುರಿಗಳ ಮೂಳೆಗಳು ಸಿಕ್ಕವು. 2013ರಲ್ಲಿ ಕೆಂಪು ಸಮುದ್ರದ ದಡದ ವಾದಿ ಅಲ್-ಜರ್ಫ್‌ನಲ್ಲಿ ಇನ್ನೂ ದೊಡ್ಡದೊಂದು ಸಿಕ್ಕಿತು: ಮೆರೆರ್ ಅನ್ನುವ ಮೇಲ್ವಿಚಾರಕನ ದಿನಚರಿ. ತೂರಾ ಗಣಿಯಿಂದ ಸುಣ್ಣಕಲ್ಲು ದೋಣಿಗೆ ಹೇರಿ ಗೀಜಾಕ್ಕೆ ಸಾಗಿಸಿದ ಲೆಕ್ಕ ಅದರಲ್ಲಿದೆ. ಇವರೆಲ್ಲ ಇಷ್ಟಪಟ್ಟು ಬಂದವರು ಅಂತಲ್ಲ, ದೊರೆ ಕರೆದರೆ ಹೋಗಲೇಬೇಕಿತ್ತು. ಆದರೆ ಸಂತೆಯಲ್ಲಿ ಕೊಂಡು ತಂದ ಗುಲಾಮರಲ್ಲ. ಅನ್ಯಗ್ರಹದವರು ಕಟ್ಟಿದರು ಅಂತ ಗೆಳೆಯರು ಹೇಳಿದರೆ, ಮೆರೆರ್ ಹೆಸರು ಹೇಳು.

ಪ್ರಶ್ನೆ: ಜನಕ್ಕೆ ರೊಟ್ಟಿ ಇಲ್ಲ ಅಂದಾಗ ‘ಕೇಕ್ ತಿನ್ನಲಿ’ ಅಂದಿದ್ದು ಫ್ರಾನ್ಸ್ ರಾಣಿ ಮಾರಿ ಆಂಟ್ವಾನೆಟ್ ತಾನೇ? – ಗೃಹಿಣಿ, ಜಗಳೂರು

ಅಲ್ಲ. ಆ ಕಾಲದ ಬರಹಗಾರ ರೂಸೋ ತನ್ನ ಆತ್ಮಕತೆಯಲ್ಲಿ ‘ಒಬ್ಬ ದೊಡ್ಡ ರಾಜಕುಮಾರಿ’ ಹೀಗಂದಳು ಅಂತ ಬರೆದ, ಹೆಸರು ಹೇಳಲಿಲ್ಲ. 1760ರ ದಶಕದಲ್ಲಿ ಅವನು ಅದನ್ನು ಬರೆಯುವಾಗ ಮಾರಿ ಇನ್ನೂ ಆಸ್ಟ್ರಿಯಾದಲ್ಲಿದ್ದ ಮಗು. ಹುಟ್ಟಿದ್ದು 1755, ಫ್ರಾನ್ಸಿಗೆ ಮದುವೆಯಾಗಿ ಬಂದಿದ್ದು 1770. ಅವಳ ದುಂದುವೆಚ್ಚಕ್ಕೆ ಜನ ಸಿಟ್ಟಾಗಿದ್ದು ನಿಜ. ಈ ಮಾತು ಅವಳದ್ದಲ್ಲ.

ಪ್ರಶ್ನೆ: ಪ್ರಪಂಚದ ಇತಿಹಾಸದಲ್ಲಿ ನಮ್ಮಂಥ ಬರಗಾಲದ ಸೀಮೆಗೆ ಏನು ಜಾಗ ಮೇಡಂ? – ಸೀರೆ ನೇಯುವವರು, ಮೊಳಕಾಲ್ಮೂರು

ನಿಮ್ಮ ಪತ್ರ ಓದಿ ತಕ್ಷಣ ಉತ್ತರ ಬರೆಯಲು ಕೂತೆ. ನಿಮ್ಮ ತಾಲ್ಲೂಕಿನಲ್ಲೇ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಮೂರು ಕಡೆ ಅಶೋಕನ ಶಾಸನಗಳಿವೆ. 1892ರಲ್ಲಿ ಶಾಸನ ತಜ್ಞ ಬಿ.ಎಲ್. ರೈಸ್ ಇವನ್ನು ಬೆಳಕಿಗೆ ತಂದರು. ತಂದೆ-ತಾಯಿ ಮಾತು ಕೇಳಿ, ನಿಜ ನುಡಿಯಿರಿ, ಗುರುವಿಗೆ ಮರ್ಯಾದೆ ಕೊಡಿ ಅಂತ ಅದರಲ್ಲಿದೆ. ಮೌರ್ಯರ ದಕ್ಷಿಣ ಪ್ರಾಂತ್ಯದ ಕೇಂದ್ರ ಸುವರ್ಣಗಿರಿಯಿಂದ ಇಸಿಲ ಅನ್ನುವ ಊರಿನ ಅಧಿಕಾರಿಗಳಿಗೆ ಕಳಿಸಿದ ಆಜ್ಞೆ ಅದು. ಕೊನೆಯಲ್ಲಿ ಬರೆದವನ ಹೆಸರಿದೆ: ಚಪಡ. ಇಡೀ ಶಾಸನ ಬ್ರಾಹ್ಮಿ ಲಿಪಿಯಲ್ಲಿದೆ, ಎಡದಿಂದ ಬಲಕ್ಕೆ. ತಾನು ಲಿಪಿಕಾರ ಅಂತ ಹೇಳಿಕೊಳ್ಳುವ ಕೊನೆಯ ಪದ ಮಾತ್ರ ಖರೋಷ್ಠಿಯಲ್ಲಿದೆ, ಬಲದಿಂದ ಎಡಕ್ಕೆ. ಅದು ಪೇಶಾವರ, ತಕ್ಷಶಿಲೆ ಕಡೆ ಓಡಾಡುತ್ತಿದ್ದ ಲಿಪಿ. ಇಲ್ಲಿ ಅದನ್ನು ಓದುವವರು ಯಾರಿದ್ದರು? ತನಗೆ ಆ ಲಿಪಿಯೂ ಬರುತ್ತದೆ ಅಂತ ತೋರಿಸುವ ಆಸೆ ಇತ್ತೇನೋ. ಚಕ್ರವರ್ತಿಯ ಆಜ್ಞೆಯ ಕೆಳಗೆ ಒಬ್ಬ ಬರಹಗಾರ ತನ್ನ ಹೆಸರು ಹಾಕಿದ. 2,200 ವರ್ಷ ದಾಟಿದರೂ ಅದು ಉಳಿದಿದೆ.

ಇನ್ನೊಂದು ನಮ್ಮ ಚಂದ್ರವಳ್ಳಿ. 1947ರಲ್ಲಿ ಪುರಾತತ್ವ ತಜ್ಞ ಮಾರ್ಟಿಮರ್ ವೀಲರ್ ಬ್ರಹ್ಮಗಿರಿ, ಚಂದ್ರವಳ್ಳಿ ಎರಡನ್ನೂ ಅಗೆಸಿದರು. ಚಂದ್ರವಳ್ಳಿಯಲ್ಲಿ ರೋಮ್ ಚಕ್ರವರ್ತಿಗಳಾದ ಅಗಸ್ಟಸ್, ಟೈಬೀರಿಯಸ್ ಕಾಲದ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಅಗಸ್ಟಸ್ ಯಾರು? ಹರಿಹರದ ಹುಡುಗ ಕೇಳಿದ ಕ್ಲಿಯೋಪಾತ್ರಾಳನ್ನು ಸೋಲಿಸಿದವನು. ಅವನ ಹೆಸರಿನ ಬೆಳ್ಳಿ ಕೈಯಿಂದ ಕೈಗೆ ದಾಟಿ ನಮ್ಮೂರಿನ ತನಕ ಬಂದಿದೆ. ಆಗ ರೋಮಿನವರಿಗೆ ಇಂಡಿಯಾದ ಕರಿಮೆಣಸು, ಬಟ್ಟೆ, ಮುತ್ತು ಬೇಕಾಗಿತ್ತು. ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ (ರೋಮಿನ ನಾಣ್ಯ) ಇಂಡಿಯಾಕ್ಕೆ ಹರಿದುಹೋಗುತ್ತಿದೆ ಅಂತ ಪ್ಲಿನಿ ಅನ್ನುವ ರೋಮನ್ ಗೊಣಗಿದ್ದಾನೆ.

ಭಾನುವಾರ ಬಿಡುವು ಮಾಡಿಕೊಂಡು ಮಕ್ಕಳನ್ನು ಬ್ರಹ್ಮಗಿರಿಗೆ ಕರೆದುಕೊಂಡು ಹೋಗಿ. ನೀರು, ಟೋಪಿ ಇರಲಿ, ಬಿಸಿಲು ಜೋರು. ಒಂದು ಮಾತ್ರ ಕೈ ಮುಗಿದು ಕೇಳುತ್ತೇನೆ. ಫೋಟೋ ಚೆನ್ನಾಗಿ ಬರಲಿ ಅಂತ ಯಾವ ಶಾಸನದ ಅಕ್ಷರಕ್ಕೂ ಚಾಕ್‌ಪೀಸ್ ಉಜ್ಜಬೇಡಿ, ಎಣ್ಣೆ ಹಚ್ಚಬೇಡಿ. ಬೆಳಗ್ಗೆ ಬೇಗ ಅಥವಾ ಸಂಜೆ ಹೊತ್ತು, ಬಿಸಿಲು ಓರೆಯಾಗಿ ಬೀಳುವಾಗ ನೋಡಿ. ಅಕ್ಷರ ತಾವಾಗೇ ಕಾಣುತ್ತವೆ.