ಮನೆವಾರ್ತೆ: ಗುಡಿಸಿದಷ್ಟೂ ಬರುವ ಕೆಂಪು ಧೂಳು

ಪ್ರಶ್ನೆ: ಅಕ್ಕಾ, ನಮ್ಮದು ಉಪ್ಪಳದಲ್ಲಿ ಹಂಚಿನ ಮನೆ. ಹೆದ್ದಾರಿಯಿಂದ ಪೂರ್ವಕ್ಕೆ ನೂರು ಹೆಜ್ಜೆ ಅಷ್ಟೆ. ರಸ್ತೆ ಅಗಲ ಮಾಡುವಾಗ ಎದುರಿನ ಮರಗಳೆಲ್ಲ ಹೋದವು. ಈಗ ದಿನಕ್ಕೆ ಮೂರು ಸಲ ಗುಡಿಸಿದರೂ ಟಿ.ವಿ. ಮೇಲೆ ಬೆರಳಲ್ಲಿ ಹೆಸರು ಬರೆಯಬಹುದು. ಆರು ವರ್ಷದ ಮಗಳಿಗೆ ಬೆಳಿಗ್ಗೆ ಎದ್ದ ಕೂಡಲೇ ಸೀನು ಸುರು. ಗಾಳಿ ಸೋಸುವ ಮಿಷನ್ ತೆಗೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ. ತೆಗೊಳ್ಳಲಾ?
— ಒಬ್ಬ ತಾಯಿ, ಉಪ್ಪಳ

ಉತ್ತರ: ತಂಗೀ, ಮಿಷನ್ ಸದ್ಯಕ್ಕೆ ಬೇಡ. ಅದರೊಳಗಿನ ಹೆಪಾ ಫಿಲ್ಟರ್ ಒಳ್ಳೆಯದೇ. ಆದರೆ ಕೋಣೆಯ ಬಾಗಿಲು, ಕಿಟಕಿ ಮುಚ್ಚಿದ್ದರೆ ಮಾತ್ರ ಅದಕ್ಕೆ ಕೆಲಸ ಮಾಡಲಾಗುತ್ತದೆ. ಹಂಚಿನ ಸಂದಿಯಿಂದ ಗಾಳಿ ಬರುತ್ತಲೇ ಇರುವ ಮನೆಯಲ್ಲಿ ದುಡ್ಡು ದಂಡ.

ಮೊದಲು ಗಾಳಿಯ ದಾರಿ ನೋಡಿ. ಮಳೆಗಾಲ ಬಿಟ್ಟರೆ ನಮ್ಮ ಕಡೆ ಬಿಸಿಲೇರಿದ ಮೇಲೆ ಗಾಳಿ ಕಡಲಿನಿಂದ ಬರುತ್ತದೆ. ರಾತ್ರಿಯಿಂದ ಬೆಳಗಿನವರೆಗೆ ಗುಡ್ಡದ ಕಡೆಯಿಂದ ಕಡಲಿಗೆ ಹೋಗುತ್ತದೆ. ನಿಮ್ಮ ಮನೆಗೆ ಹಗಲಿನ ಗಾಳಿ ಹೆದ್ದಾರಿ ದಾಟಿಯೇ ಬರಬೇಕು, ಅಲ್ವಾ? ಕುಂಬಳೆಯಲ್ಲಿ ನಮ್ಮ ಮನೆಯೂ ಹಾಗೇ. ರಸ್ತೆ ಕಡೆಯ ಕಿಟಕಿಗಳನ್ನು ನಾನು ಬೆಳಿಗ್ಗೆ ಐದೂವರೆಗೆ ತೆರೆದು ಹತ್ತಕ್ಕೆ ಮುಚ್ಚುತ್ತೇನೆ. ಮತ್ತೆ ತೆರೆಯುವುದು ಕತ್ತಲಾದ ಮೇಲೆಯೇ. ಹಿಂದಿನ ಅಡುಗೆಮನೆ ಕಿಟಕಿ ಹಗಲಿಡೀ ತೆರೆದಿರುತ್ತದೆ. ದಿನಾ ಒರೆಸುತ್ತಿದ್ದ ಟಿ.ವಿ.ಯನ್ನು ಈಗ ವಾರಕ್ಕೆರಡು ಸಲ ಒರೆಸಿದರೆ ಸಾಕು.

ಇನ್ನು ಗುಡಿಸುವುದು. ಸಂಜೆ ನಾಲ್ಕು ಗಂಟೆಗೆ ಕಿಟಕಿಯಿಂದ ಬಿಸಿಲು ಬೀಳುವಾಗ ಒಮ್ಮೆ ಒಣ ಪೊರಕೆ ಆಡಿಸಿ ನೋಡಿ. ಆ ಬಿಸಿಲ ಕೋಲಿನಲ್ಲಿ ಮೇಲೇಳುವ ಕೆಂಪು ಹುಡಿ ಕಾಣುತ್ತದೆ. ದಪ್ಪ ಕಣ ಕೆಲವು ನಿಮಿಷದಲ್ಲಿ ಕೆಳಗೆ ಕೂರುತ್ತದೆ. ಸಣ್ಣದು ಗಂಟೆಗಟ್ಟಲೆ ತೇಲುತ್ತದೆ, ಮಗುವಿನ ಮೂಗಿಗೆ ಹೋಗುವುದೂ ಅದೇ. ಮೂರು ಸಲ ಗುಡಿಸಿದರೆ ಮೂರು ಸಲ ಎಬ್ಬಿಸಿದ ಹಾಗೆ. ಒಂದೇ ಸಲ ಗುಡಿಸಿ, ಅದೂ ಮಗಳು ಶಾಲೆಗೆ ಹೋದ ಮೇಲೆ, ಫ್ಯಾನ್ ಆಫ್ ಮಾಡಿ. ಉಳಿದ ಹೊತ್ತಿಗೆ ಒದ್ದೆ ಬಟ್ಟೆ ಸಾಕು. ಹಳೇ ಬೈರಾಸು ಎಲ್ಲಕ್ಕಿಂತ ಚೆನ್ನಾಗಿ ಧೂಳು ಹಿಡಿಯುತ್ತದೆ. ಅದನ್ನು ಗಟ್ಟಿ ಹಿಂಡಬೇಕು, ನೀರು ಜಾಸ್ತಿಯಾದರೆ ಕೆಸರಾಗಿ ನೆಲದಲ್ಲಿ ಗೆರೆ ಬೀಳುತ್ತದೆ. ಫ್ಯಾನಿನ ಎಲೆಗೆ ಹಳೇ ತಲೆದಿಂಬಿನ ಕವರ್ ತೊಡಿಸಿ ಎಳೆಯಿರಿ. ಧೂಳು ಕವರಿನೊಳಗೇ ಉಳಿಯುತ್ತದೆ, ಹಾಸಿಗೆ ಮೇಲೆ ಬೀಳುವುದಿಲ್ಲ. ಮೆಟ್ಟಿಲಿಗೆ ಒಂದು ಒದ್ದೆ ಗೋಣಿ ಹಾಸಿ, ಚಪ್ಪಲಿ ಹೊರಗೇ ಇರಲಿ.

ನನಗೆ ಹೆಚ್ಚು ಚಿಂತೆ ಆದದ್ದು ಆ ಬೆಳಗಿನ ಸೀನು. ಎದ್ದ ಕೂಡಲೇ ಸೀನುವ ಮಕ್ಕಳಿಗೆ ಹೆಚ್ಚಾಗಿ ತೊಂದರೆ ಕೊಡುವುದು ಹಾಸಿಗೆಯ ಧೂಳು, ರಸ್ತೆಯದ್ದಲ್ಲ. ಹಾಸಿಗೆ, ತಲೆದಿಂಬಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಧೂಳುಹುಳ ಇರುತ್ತದೆ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟೇ ಅದರ ಆಹಾರ. ಅದು ಕಚ್ಚುವುದಿಲ್ಲ, ಅದರ ಹಿಕ್ಕೆಯ ಹುಡಿಯಿಂದ ಅಲರ್ಜಿ ಬರುತ್ತದೆ. ತೇವ ಇದ್ದಲ್ಲಿ ಅದು ಹೆಚ್ಚುತ್ತದೆ. ನಮ್ಮ ಕರಾವಳಿಯಲ್ಲಿ ತೇವಕ್ಕೇನು ಕಡಿಮೆ! ನನ್ನ ಮಗನಿಗೂ ಹೀಗೇ ಆಗಿತ್ತು. ಎರಡು ವರ್ಷ ನಾನು ರಸ್ತೆಯನ್ನೇ ಬೈದೆ, ಹಾಸಿಗೆ ಕಡೆ ನೋಡಲಿಲ್ಲ. ಅಷ್ಟು ದಿನ ಮಗು ಸುಮ್ನೆ ಕಷ್ಟಪಟ್ಟಿತು ಅಂತ ಈಗಲೂ ಬೇಸರವಾಗುತ್ತದೆ.

ವಾರಕ್ಕೊಮ್ಮೆ ಹೊದಿಕೆ, ದಿಂಬಿನ ಕವರನ್ನು ಬಿಸಿನೀರಲ್ಲಿ ತೊಳೆಯಿರಿ. ನೀರು 60 ಡಿಗ್ರಿಯಷ್ಟು ಬಿಸಿ ಇದ್ದರೆ ಹುಳ ಸಾಯುತ್ತದೆ. ಬಚ್ಚಲ ಹಂಡೆಯಲ್ಲಿ ಕೈ ಇಡಲಾಗದಷ್ಟು ಕಾಯುವ ನೀರು ಆದೀತು. ಮಗಳನ್ನು ಮಾತ್ರ ಹತ್ತಿರ ಬಿಡಬೇಡಿ. ಹತ್ತಿ ಹಾಸಿಗೆಯನ್ನು ಬಿಸಿಲಿಗೆ ಹಾಕಿ, ಅಂಗಳದಲ್ಲೇ ಬಡಿಯಿರಿ. ಹತ್ತಿಯ ಗೊಂಬೆ ಇದ್ದರೆ ಅದನ್ನೂ ತೊಳೆಯಿರಿ. ರಾತ್ರಿ ಕೆಮ್ಮು, ಉಸಿರಾಡುವಾಗ ಸಿಳ್ಳೆಯಂಥ ಸದ್ದು ಇದ್ದರೆ ಕಾಯಬೇಡಿ, ಡಾಕ್ಟರಿಗೆ ತೋರಿಸಿ.

ಹೋದ ಮರಗಳ ಜಾಗಕ್ಕೆ ದಾಸವಾಳದ ಬೇಲಿ ಹಾಕಿ. ಒತ್ತಾಗಿ ನೆಟ್ಟರೆ ಎಲೆಯೇ ಬಹಳಷ್ಟು ಧೂಳು ತಡೆಯುತ್ತದೆ. ಗೆಲ್ಲು ಊರಲು ಜೂನ್ ಮಳೆಗಿಂತ ಒಳ್ಳೆ ಸಮಯ ಇಲ್ಲ.

ಪ್ರಶ್ನೆ: ಜಗಲಿಯಲ್ಲಿ ಚಾಲಿ ಅಡಿಕೆ ಸುಲಿಯುವಾಗ ಏಳುವ ಹುಡಿಗೆ ಏನು ಮಾಡುವುದು? ಅಪ್ಪನಿಗೆ ದಮ್ಮು ಇದೆ.
— ಒಬ್ಬ ಕೃಷಿಕ, ಮುಳ್ಳೇರಿಯ

ಉತ್ತರ: ತಮ್ಮಾ, ಸುಲಿಯುವುದನ್ನು ಜಗಲಿಯಿಂದ ಕೊಟ್ಟಿಗೆ ಆಚೆಗೆ ಕೊಂಡುಹೋಗು. ಅಪ್ಪನ ಕೋಣೆಯ ಕಡೆಗೆ ಗಾಳಿ ಬೀಸುವ ಹೊತ್ತಿನಲ್ಲಿ ಬೇಡವೇ ಬೇಡ. ಸುಲಿಯುವವರು ಮೂಗು ಬಾಯಿ ಮುಚ್ಚುವ ಒಳ್ಳೆ ಮಾಸ್ಕ್ ಹಾಕಬೇಕು, ಬೈರಾಸು ಕಟ್ಟಿದರೆ ಸಣ್ಣ ಹುಡಿ ತಡೆಯುವುದಿಲ್ಲ. ಸಿಪ್ಪೆಯನ್ನು ಆ ದಿನವೇ ತೋಟಕ್ಕೆ ಸಾಗಿಸು. ಅಪ್ಪ ಸಹಾಯಕ್ಕೆ ಬಂದು ಕೂತರೆ, ಬೇಡ ಅಂತ ಗಟ್ಟಿಯಾಗಿಯೇ ಹೇಳು.