ರಬ್ಬಿಯೊಬ್ಬರು ಸಾಲದೇ?

ಮಾನ್ಯರೇ,

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿರುವ ಯಹೂದಿ ವಿದ್ಯಾರ್ಥಿ ಕೇಂದ್ರಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ ಲೇಖನ ನಿಮ್ಮನ್ನು ಕೆರಳಿಸಿದೆ. ನಿಮ್ಮ ಪತ್ರವನ್ನು ಪೂರ್ತಿಯಾಗಿ ಅಚ್ಚು ಹಾಕಲು ಸ್ಥಳವಿಲ್ಲ. ಇತರ ಓದುಗರಿಗಾಗಿ ಅದರ ತಿರುಳನ್ನು ಹೇಳಿಬಿಡುತ್ತೇನೆ. ಸೂಕ್ಷ್ಮವಾದ ಯಹೂದಿ ಶಿಕ್ಷಣ ನೀಡಲು ಆ ಕೇಂದ್ರಗಳು ತಮ್ಮ ಸಿಬ್ಬಂದಿಯನ್ನು ತರಬೇತುಗೊಳಿಸುತ್ತಿವೆ ಎಂಬ ಮಾತು ನಿಮಗೆ ಹಿಡಿಸಿಲ್ಲ. ಧರ್ಮ ಹೇಳಲು ಯಹೂದಿ ಧರ್ಮಗುರುವಾದ ರಬ್ಬಿಯೊಬ್ಬರು ಸಾಲದೇ, ಊಟದ ವ್ಯವಸ್ಥೆ ನೋಡುವವರಿಗೂ ತರಬೇತಿ ಏಕೆ ಎಂದು ಕೇಳಿದ್ದೀರಿ. ಹದಿನೆಂಟರ ಹರೆಯದವರಿಗೆ ನೇರವಾದ ಉತ್ತರ ಬೇಕು, ‘ಹೀಗೂ ಉಂಟು, ಹಾಗೂ ಉಂಟು’ ಎನ್ನುವ ಶಿಕ್ಷಕ ಜವಾಬ್ದಾರಿಯಿಂದ ನುಣುಚಿಕೊಳ್ಳುವವನು ಎಂದಿದ್ದೀರಿ. ಕೊನೆಯಲ್ಲಿ, ಇದೆಲ್ಲ ಇಸ್ರೇಲ್ ಪರ ಪ್ರಚಾರಕ್ಕೆ ಹೊದಿಸಿದ ರೇಷ್ಮೆ ಶಾಲು ಎಂದು ಚುಚ್ಚಿದ್ದೀರಿ. ವರ್ಷಗಟ್ಟಲೆ ತರ್ಕಶಾಸ್ತ್ರ ಪಾಠ ಮಾಡಿದವರು ನೀವು. ನಾಲ್ಕು ಸಾಲಿನಲ್ಲಿ ಉತ್ತರಿಸಿದರೆ ಬಿಡುವವರಲ್ಲ ಎಂದು ಗೊತ್ತಿರುವುದರಿಂದ ವಿವರವಾಗಿಯೇ ಬರೆಯುತ್ತಿದ್ದೇನೆ.

ನೀವು ಹೇಳುವ ಏರ್ಪಾಡಿನಿಂದಲೇ ಈ ಕಥೆ ಶುರುವಾಗುತ್ತದೆ. 1923ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಯಹೂದಿ ವಿದ್ಯಾರ್ಥಿಗಳಿಗಾಗಿ ಬೆಂಜಮಿನ್ ಫ್ರಾಂಕೆಲ್ ಎಂಬ ತರುಣ ರಬ್ಬಿ ಒಂದು ಕೇಂದ್ರ ತೆರೆದರು. ಅದಕ್ಕೆ ಒತ್ತಾಸೆಯಾಗಿ ನಿಂತವರು ಎಡ್ವರ್ಡ್ ಚಾನ್ಸಿ ಬಾಲ್ಡ್ವಿನ್ ಎಂಬ ಕ್ರೈಸ್ತ ಪ್ರಾಧ್ಯಾಪಕರು. ತಮ್ಮ ಯಹೂದಿ ವಿದ್ಯಾರ್ಥಿಗಳಿಗೆ ಅವರದೇ ಬೈಬಲ್ ತಿಳಿದಿಲ್ಲ ಎಂಬುದು ಅವರ ಸಂಕಟವಾಗಿತ್ತು. ಕಾಲವೂ ಅನುಕೂಲಕರವಾಗಿರಲಿಲ್ಲ, ಯಹೂದಿಗಳ ಪ್ರವೇಶಕ್ಕೆ ಮಿತಿ ಹಾಕಬೇಕೆಂದು ಹಾರ್ವರ್ಡ್‌ನ ಅಧ್ಯಕ್ಷ ಲೋವೆಲ್ 1922ರಲ್ಲಿ ಬಹಿರಂಗವಾಗಿಯೇ ಹೇಳಿದ್ದರು. ಹಿಲೆಲ್ ಎಂಬ ಪ್ರಾಚೀನ ಪಂಡಿತನ ಹೆಸರು ಹೊತ್ತ ಆ ಕೇಂದ್ರಕ್ಕೆ 1924ರಲ್ಲಿ ಬ್ನೈ ಬ್ರಿತ್ ಎಂಬ ಯಹೂದಿ ಸೇವಾ ಸಂಸ್ಥೆಯ ಆಸರೆ ಸಿಕ್ಕಿತು. ಫ್ರಾಂಕೆಲ್ 1927ರಲ್ಲೇ ತೀರಿಕೊಂಡರು. 1933ರಲ್ಲಿ ಇಡೀ ದೇಶದ ಹಿಲೆಲ್ ಕೇಂದ್ರಗಳ ಹೊಣೆ ಹೊತ್ತ ಏಬ್ರಮ್ ಸಾಕರ್ ಇತಿಹಾಸದ ಅಧ್ಯಾಪಕರು, ಮುಂದೆ ಬ್ರಾಂಡೈಸ್ ವಿಶ್ವವಿದ್ಯಾಲಯದ ಮೊದಲ ಅಧ್ಯಕ್ಷರಾದವರು. ಅವರು ರಬ್ಬಿಯಾಗಿರಲಿಲ್ಲ. ರಬ್ಬಿಯಲ್ಲದವರೂ ಈ ಕೆಲಸ ಮಾಡಬಹುದು ಎಂಬುದು ಹೊಸದಾಗಿ ಹುಟ್ಟಿದ ಫ್ಯಾಷನ್ ಅಲ್ಲ ಎಂದು ತಿಳಿಸಲು ಇಷ್ಟು ಹೇಳಿದೆ.

ಇನ್ನು ಇವತ್ತಿನ ಪರಿಸ್ಥಿತಿ. ಪ್ಯೂ ಸಂಶೋಧನಾ ಕೇಂದ್ರದ 2020ರ ಸಮೀಕ್ಷೆಯ ಪ್ರಕಾರ ಅಮೆರಿಕದಲ್ಲಿ ಮೂವತ್ತರೊಳಗಿನ ವಯಸ್ಕ ಯಹೂದಿಗಳಲ್ಲಿ ಶೇ 40ರಷ್ಟು ಮಂದಿ ತಮಗೆ ಯಾವ ಧರ್ಮವೂ ಇಲ್ಲ ಎನ್ನುತ್ತಾರೆ; ಆದರೂ ತಾವು ಯಹೂದಿಗಳೇ ಎನ್ನುತ್ತಾರೆ. 2010ರ ನಂತರ ಮದುವೆಯಾದ ಯಹೂದಿಗಳಲ್ಲಿ ಶೇ 61ರಷ್ಟು ಮಂದಿಯ ಸಂಗಾತಿ ಯಹೂದಿಯಲ್ಲ. ಇಂಥ ಮನೆಗಳಿಂದ ಬಂದ ಹುಡುಗಿ ರಬ್ಬಿಯ ಕೊಠಡಿಯ ಬಾಗಿಲು ತಟ್ಟುವುದಿಲ್ಲ. ಗೆಳತಿಯ ಜೊತೆ ಶುಕ್ರವಾರ ರಾತ್ರಿಯ ಶಬ್ಬಾತ್ (ವಾರದ ವಿಶ್ರಾಂತಿ ದಿನ) ಊಟಕ್ಕೆ ಬರುತ್ತಾಳೆ. ಅಲ್ಲಿ ತಟ್ಟೆ ಜೋಡಿಸುತ್ತಿರುವ, ಅವಳಿಗಿಂತ ನಾಲ್ಕೈದು ವರ್ಷಕ್ಕಷ್ಟೇ ದೊಡ್ಡವನಾದ ಸಿಬ್ಬಂದಿಯ ಹತ್ತಿರ ಎದೆಯಲ್ಲಿದ್ದುದನ್ನು ಹೊರಗೆ ಹಾಕುತ್ತಾಳೆ: ‘ನನ್ನ ಅಪ್ಪ ಯಹೂದಿ, ಅಮ್ಮ ಅಲ್ಲ. ನಾನು ಯಹೂದಿಯೇ?’

ನಿಮ್ಮ ಸಲಹೆಯಂತೆ ನೇರವಾಗಿ ಉತ್ತರಿಸಿ ನೋಡೋಣ. ಆರ್ಥೊಡಾಕ್ಸ್ ಮತ್ತು ಕನ್ಸರ್ವೇಟಿವ್ ಪಂಥಗಳು ತಾಯಿಯ ಕಡೆಯ ವಂಶವನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತವೆ. ಅಲ್ಲಿ ಉತ್ತರ ‘ಅಲ್ಲ’. ಅಮೆರಿಕದ ರಿಫಾರ್ಮ್ ಪಂಥದ ರಬ್ಬಿಗಳು 1983ರಲ್ಲಿ ತಂದೆಯ ಕಡೆಯಿಂದ ಬಂದವರನ್ನೂ, ಅವರು ಯಹೂದಿಗಳಾಗಿ ಬೆಳೆದಿದ್ದರೆ, ಒಪ್ಪುವುದಾಗಿ ನಿರ್ಧರಿಸಿದರು. ಅಲ್ಲಿ ಉತ್ತರ ‘ಹೌದು’. ಅದೇ ಊಟದ ಮೇಜಿನಲ್ಲಿ ಮೂರೂ ಪಂಥದವರು ಕೂತಿರುತ್ತಾರೆ. ‘ಖಂಡಿತ ಹೌದು, ಚಿಂತೆ ಬೇಡ’ ಎಂದು ಬೆನ್ನು ತಟ್ಟಿ ಕಳಿಸಿದರೆ, ನಾಳೆ ಅವಳು ಆರ್ಥೊಡಾಕ್ಸ್ ಪಂಥದ ಪ್ರಾರ್ಥನಾ ಮಂದಿರವಾದ ಸಿನಗಾಗಿನಲ್ಲಿ ಅವಮಾನಕ್ಕೆ ಒಳಗಾಗಬಹುದು. ‘ಅಲ್ಲ’ ಎಂದರೆ ಅವಳು ಮತ್ತೆ ಆ ಮನೆಗೆ ಕಾಲಿಡುವುದಿಲ್ಲ. ‘ರಬ್ಬಿಯನ್ನು ಕೇಳು’ ಎಂದರೆ ಅದೂ ‘ಅಲ್ಲ’ ಎಂದಂತೆಯೇ ಕೇಳಿಸುತ್ತದೆ. ಪ್ರಶ್ನೆಯ ಹಿಂದೆ ಏನಿದೆ ಎಂದು ಮೊದಲು ತಿಳಿಯಬೇಕು. ಅಜ್ಜಿ ಏನಾದರೂ ಅಂದಳೇ, ಪ್ರೀತಿಸಿದ ಹುಡುಗ ಅಂದನೇ, ಇಲ್ಲ ಅವಳೇ ತನ್ನನ್ನು ಅಳೆದುಕೊಳ್ಳುತ್ತಿದ್ದಾಳೆಯೇ? ಆಮೇಲೆ ಈ ಭಿನ್ನಮತ ಹೇಗೆ ಬಂತು, ಯಾರು ಯಾವ ಆಧಾರದಿಂದ ಏನು ಹೇಳುತ್ತಾರೆ ಎಂಬುದನ್ನು ಯಾರನ್ನೂ ಹಳಿಯದೆ ಅವಳ ಮುಂದಿಡಬೇಕು. ಸಿಬ್ಬಂದಿಯ ಸ್ವಂತ ನಿಲುವು ಯಾವುದು ಎಂದು ಅವಳು ಕೇಳಿದರೆ ಮುಚ್ಚಿಡಬಾರದು. ಸೂಪು ಆರುವುದರೊಳಗೆ ಇಷ್ಟನ್ನೂ ಮಾಡಲು ಇಪ್ಪತ್ತಮೂರರ ಹುಡುಗನಿಗೆ ತರಬೇತಿ ಬೇಡವೇ?

ನುಣುಚಿಕೊಳ್ಳುವುದರ ಬಗ್ಗೆ ನೀವು ಎತ್ತಿದ ಆಕ್ಷೇಪಕ್ಕೆ ನಿಮ್ಮ ಶಾಸ್ತ್ರದಲ್ಲೇ ಉತ್ತರವಿದೆ. ಪೂರ್ವಪಕ್ಷವನ್ನು ಎದುರಾಳಿಯೇ ತಲೆದೂಗುವಷ್ಟು ಚೆನ್ನಾಗಿ ಮಂಡಿಸದೆ ಸಿದ್ಧಾಂತಕ್ಕೆ ಹೋಗುವಂತಿಲ್ಲ ಎಂದು ನಿಮ್ಮ ವಿದ್ಯಾರ್ಥಿಗಳಿಗೆ ನೀವು ಹೇಳಿಕೊಟ್ಟಿರುತ್ತೀರಿ. ರಬ್ಬಿಗಳ ಧರ್ಮಚರ್ಚೆಗಳ ಪ್ರಾಚೀನ ಗ್ರಂಥವಾದ ತಾಲ್ಮುದ್‌ನ ಎರುವಿನ್ ಭಾಗದಲ್ಲಿ ಇದೇ ಬಗೆಯ ಪ್ರಸಂಗವಿದೆ. ಹಿಲೆಲ್ ಮತ್ತು ಶಮ್ಮಾಯ್ ಎಂಬ ಇಬ್ಬರು ಗುರುಗಳ ಶಿಷ್ಯಪರಂಪರೆಗಳು ಮೂರು ವರ್ಷ ವಾದಿಸಿದವು. ಕೊನೆಗೆ ಅಶರೀರವಾಣಿಯಾಯಿತು: ಇವೂ ಅವೂ ಜೀವಂತ ದೇವರ ಮಾತುಗಳೇ, ಆದರೆ ಆಚರಣೆಯಲ್ಲಿ ಹಿಲೆಲ್ ಪರಂಪರೆಯ ತೀರ್ಪು ನಡೆಯಲಿ. ಎರಡೂ ದೇವರ ಮಾತೇ ಆದಾಗ ಅವರಿಗೇ ಏಕೆ ಗೆಲುವು? ಅವರು ಮೃದುವಾಗಿ ನಡೆದುಕೊಂಡರು, ತಮ್ಮ ಮಾತಿನ ಜೊತೆಗೆ ಎದುರಾಳಿಯ ಮಾತನ್ನೂ ಕಲಿಸಿದರು, ಅಷ್ಟೇ ಅಲ್ಲ, ಎದುರಾಳಿಯದನ್ನೇ ಮೊದಲು ಹೇಳಿದರು ಎಂಬುದು ಅಲ್ಲಿ ಕೊಟ್ಟಿರುವ ಕಾರಣ. ತೀರ್ಪು ಬಂದಿದೆ ಎಂಬುದನ್ನು ಗಮನಿಸಿ. ಎರಡು ಕಡೆಯನ್ನೂ ಹೇಳಿ ಎದ್ದುಹೋಗುವುದು ಆ ಪರಂಪರೆಯೂ ಒಪ್ಪದ ಸೋಮಾರಿತನ. ಆ ಬಗೆಯ ಶಿಕ್ಷಕರ ಮೇಲೆ ನಿಮ್ಮ ಕೋಪವಿದ್ದರೆ ನನ್ನದನ್ನೂ ಸೇರಿಸಿಕೊಳ್ಳಿ.

ತರಬೇತಿಯ ಬೆನ್ನೆಲುಬು ಹವ್ರೂತಾ. ಇಬ್ಬರು ಎದುರುಬದುರು ಕೂತು ಒಂದು ಪಠ್ಯವನ್ನು ಗಟ್ಟಿಯಾಗಿ ಓದಿಕೊಂಡು, ಒಬ್ಬರನ್ನೊಬ್ಬರು ಪ್ರಶ್ನಿಸುತ್ತ ಹೋಗುವ ಹಳೆಯ ಕ್ರಮ ಇದು. ಸುಲಭವೆಂದು ಕಾಣುತ್ತದೆ. ಪಠ್ಯ ಏನು ಹೇಳುತ್ತಿದೆ ಎನ್ನುವ ಮೊದಲೇ ‘ನನಗೇನನ್ನಿಸುತ್ತದೆ ಎಂದರೆ’ ಎಂದು ಶುರು ಮಾಡುವುದು ಕಾಲೇಜು ವಿದ್ಯಾರ್ಥಿಗಳ ಅಭ್ಯಾಸ. (ಸಂಪಾದಕರಿಗೆ ಪತ್ರ ಬರೆಯುವವರದೂ ಹೌದು, ಇದು ನಿಮಗೆ ಹೇಳಿದ್ದಲ್ಲ.) ಜೋಡಿ ಓದಿನಲ್ಲಿ ನಿಜವಾಗಿ ನಡೆಯುವುದೇನು ಎಂದು ಬ್ರಾಂಡೈಸ್‌ನಲ್ಲಿ ಓರಿಟ್ ಕೆಂಟ್ ಅಧ್ಯಯನ ಮಾಡಿದ್ದಾರೆ. ಕೇಳಿಸಿಕೊಂಡು ಸ್ಪಷ್ಟವಾಗಿ ಹೇಳುವುದು, ಅಚ್ಚರಿಪಡುತ್ತಲೇ ಒಂದೆಡೆ ನೆಲೆನಿಲ್ಲುವುದು, ಜೊತೆಗಾರನ ಮಾತಿಗೆ ಬಲ ಕೊಡುತ್ತಲೇ ಅದನ್ನು ಕೆಣಕುವುದು ಎಂಬ ಜೋಡಿ ಜೋಡಿ ಅಭ್ಯಾಸಗಳನ್ನು ಅವರು ಗುರುತಿಸಿದರು. ಇವು ಹುಟ್ಟಿನಿಂದ ಬರುವುದಿಲ್ಲ, ರೂಢಿಸಿಕೊಳ್ಳಬೇಕು. 1972ರಿಂದ ಇರುವ ಜೆರುಸಲೇಮಿನ ಪಾರ್ದೆಸ್ ಸಂಸ್ಥೆ, ಡೇವಿಡ್ ಹಾರ್ಟ್‌ಮನ್ 1976ರಲ್ಲಿ ಕಟ್ಟಿದ ಶಾಲೋಮ್ ಹಾರ್ಟ್‌ಮನ್ ಸಂಸ್ಥೆ ಇಂಥ ಓದನ್ನು ನೆಚ್ಚಿಕೊಂಡವು. ಕ್ಯಾಂಪಸ್ಸುಗಳಲ್ಲಿ ಇದರ ಫಲ ಕಾಣುವುದು ಜ್ಯೂಯಿಷ್ ಲರ್ನಿಂಗ್ ಫೆಲೋಶಿಪ್‌ನಂಥ ಗುಂಪುಗಳಲ್ಲಿ. ಹತ್ತು ವಾರ, ಪರೀಕ್ಷೆಯಿಲ್ಲ, ಪ್ರೀತಿ, ಸಾವು, ದುಡ್ಡು ಮುಂತಾದ ಬದುಕಿನ ಪ್ರಶ್ನೆಗಳ ಸುತ್ತ ಮೂಲಪಠ್ಯಗಳ ಓದು.

ತಾಲ್ಮುದ್‌ನದೇ ಬಾವಾ ಮೆತ್ಸಿಯಾ ಭಾಗದ ರಬ್ಬಿ ಯೋಹಾನಾನ್ ಮತ್ತು ರೇಶ್ ಲಾಕಿಶ್ ಕಥೆ ಇಂಥ ಕೂಟಗಳಿಗೆ ಹೇಳಿ ಮಾಡಿಸಿದ್ದು. ರೇಶ್ ಲಾಕಿಶ್ ಮೊದಲು ದರೋಡೆಕೋರ. ಯೋಹಾನಾನ್ ಅವನನ್ನು ವಿದ್ಯೆಗೆ ಎಳೆದು ತಂದರು, ತಂಗಿಯನ್ನು ಕೊಟ್ಟು ಮದುವೆ ಮಾಡಿದರು, ಸರಿಸಮಾನ ಜೊತೆಗಾರನನ್ನಾಗಿ ಮಾಡಿಕೊಂಡರು. ಅವನು ಸತ್ತ ಮೇಲೆ ಯೋಹಾನಾನ್ ದುಃಖದಲ್ಲಿ ಕುಸಿದರು. ಸಮಾಧಾನಕ್ಕೆಂದು ಬೇರೊಬ್ಬ ಪಂಡಿತನನ್ನು ಕಳಿಸಿದರೆ, ಆತ ಅವರು ಏನು ಹೇಳಿದರೂ ಅದಕ್ಕೊಂದು ಸಮರ್ಥನೆ ತೋರಿಸತೊಡಗಿದ. ಯೋಹಾನಾನ್ ರೇಗಿದರು: ರೇಶ್ ಲಾಕಿಶ್ ನನ್ನ ಒಂದೊಂದು ಮಾತಿಗೂ ಇಪ್ಪತ್ತನಾಲ್ಕು ಆಕ್ಷೇಪ ಎತ್ತುತ್ತಿದ್ದ, ನಾನು ಇಪ್ಪತ್ತನಾಲ್ಕು ಪರಿಹಾರ ಹೇಳುತ್ತಿದ್ದೆ, ವಿಚಾರ ಬೆಳೆಯುತ್ತಿತ್ತು, ನನ್ನ ಮಾತು ಸರಿ ಎಂದು ನನಗೆ ಗೊತ್ತಿಲ್ಲವೇ? ಅನೇಕರು ಕಥೆಯನ್ನು ಇಲ್ಲಿಗೆ ನಿಲ್ಲಿಸಿ, ಭಿನ್ನಾಭಿಪ್ರಾಯ ಎಷ್ಟು ಚೆಂದ ಎಂದು ಚಪ್ಪಾಳೆ ತಟ್ಟಿಬಿಡುತ್ತಾರೆ.

ಆದರೆ ರೇಶ್ ಲಾಕಿಶ್ ಸತ್ತದ್ದು ಏಕೆ? ಕತ್ತಿ, ಚೂರಿಗಳಿಗೆ ಯಾವ ಹಂತದಿಂದ ಮೈಲಿಗೆ ತಗಲುತ್ತದೆ ಎಂಬ ಚರ್ಚೆಯಲ್ಲಿ ಇಬ್ಬರಿಗೂ ಮತಭೇದ ಬಂತು. ಆಗ ಯೋಹಾನಾನ್, ಕಳ್ಳನಿಗೆ ಕಳ್ಳತನದ ಕಸುಬು ಗೊತ್ತಿರುತ್ತದೆ ಎಂದು ಹಂಗಿಸಿದರು. ತಾನು ಬಿಟ್ಟುಬಂದ ಬದುಕನ್ನು ಗುರುವೇ ಎತ್ತಿ ಆಡಿದ್ದನ್ನು ರೇಶ್ ಲಾಕಿಶ್ ತಾಳಲಿಲ್ಲ. ಮಾತು ಬೆಳೆದು ಮನಸ್ಸು ಮುರಿಯಿತು, ಅವನು ಕಾಯಿಲೆ ಬಿದ್ದ. ಗಂಡನಿಗಾಗಿ ಅಳುತ್ತ ಬೇಡಿದ ತಂಗಿಗೂ ಯೋಹಾನಾನ್ ಕರಗಲಿಲ್ಲ. ಅತ್ಯುತ್ತಮ ಜೋಡಿಯೇ ಒಂದು ಹಂಗಿಸುವ ಮಾತಿನಿಂದ ಹಾಳಾಯಿತು ಎಂಬ ಅರ್ಧವನ್ನೂ ಓದಿಸುವ ಧೈರ್ಯ ಶಿಕ್ಷಕನಿಗಿರಬೇಕು. ಅರ್ಧ ಕಥೆ ಹೇಳುವವನು ಸಂಸ್ಥೆಯ ಜಾಹೀರಾತನ್ನಷ್ಟೇ ಓದುತ್ತಾನೆ.

ಇಲ್ಲಿಂದ ನಿಮ್ಮ ರೇಷ್ಮೆ ಶಾಲಿಗೆ ಬರುತ್ತೇನೆ. ನಿಮ್ಮ ಆರೋಪ ಪೂರ್ತಿ ಸರಿಯಲ್ಲ, ಪೂರ್ತಿ ತಪ್ಪೂ ಅಲ್ಲ. 2010ರಲ್ಲಿ ಹಿಲೆಲ್ ಸಂಸ್ಥೆ ತನ್ನ ಕೇಂದ್ರಗಳಿಗೆ ಒಂದು ನಿಯಮಾವಳಿ ಹೊರಡಿಸಿತು. ಯಹೂದಿ ಮತ್ತು ಪ್ರಜಾಸತ್ತಾತ್ಮಕ ರಾಷ್ಟ್ರವಾಗಿ ಇಸ್ರೇಲ್ ಇರುವ ಹಕ್ಕನ್ನು ನಿರಾಕರಿಸುವ, ಇಸ್ರೇಲ್ ವಿರುದ್ಧ ಬಹಿಷ್ಕಾರವನ್ನು ಬೆಂಬಲಿಸುವ ಸಂಘಟನೆಗಳ ಜೊತೆ ಕೈಜೋಡಿಸುವುದಿಲ್ಲ, ಅಂಥ ಭಾಷಣಕಾರರಿಗೆ ವೇದಿಕೆ ಕೊಡುವುದಿಲ್ಲ ಎಂಬುದು ಅದರ ಸಾರ. ಇದನ್ನು ಪ್ರತಿಭಟಿಸಿದ ವಿದ್ಯಾರ್ಥಿಗಳು ‘ಓಪನ್ ಹಿಲೆಲ್’ ಎಂಬ ಚಳವಳಿ ಕಟ್ಟಿದರು. ಸ್ವಾರ್ಥ್‌ಮೋರ್ ಕಾಲೇಜಿನ ಯಹೂದಿ ವಿದ್ಯಾರ್ಥಿಗಳು 2013ರ ಡಿಸೆಂಬರಿನಲ್ಲಿ ಆ ನಿಯಮಾವಳಿಗೆ ತಾವು ಬದ್ಧರಲ್ಲ ಎಂದು ಸಾರಿದರು; 2015ರಲ್ಲಿ ಹಿಲೆಲ್ ಹೆಸರನ್ನೇ ಕೈಬಿಟ್ಟರು.

ಸಂಸ್ಥೆಯ ಪರವಾಗಿಯೂ ಹೇಳಬೇಕಾದದ್ದಿದೆ. ಅದು ಚರ್ಚಾಸ್ಪರ್ಧೆಯ ಸಭಾಂಗಣವಲ್ಲ, ಒಂದು ಸಮುದಾಯದ ಮನೆ. 2023ರ ಅಕ್ಟೋಬರ್ 7ರಂದು ಹಮಾಸ್ ದಾಳಿಯಲ್ಲಿ ಸುಮಾರು 1,200 ಜನ ಸತ್ತು 251 ಮಂದಿ ಒತ್ತೆಯಾಳುಗಳಾದಾಗ, ಅವರಲ್ಲಿ ಬಂಧುಗಳಿದ್ದ ವಿದ್ಯಾರ್ಥಿಗೆ ಅಳಲು ಒಂದು ಜಾಗ ಬೇಕಿತ್ತು. ಅದೇ ಹೊತ್ತಿಗೆ ಗಾಜಾದ ಸಾವುಗಳನ್ನು ನೋಡಲಾರದೆ, ತನ್ನ ಜನರ ಹೆಸರಿನಲ್ಲಿ ಇದು ನಡೆಯುತ್ತಿದೆ ಎಂದು ಸಂಕಟಪಟ್ಟ ಯಹೂದಿ ವಿದ್ಯಾರ್ಥಿಯೂ ಇದ್ದ. 2024ರ ಏಪ್ರಿಲ್‌ನಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಹುಲ್ಲುಹಾಸಿನ ಮೇಲೆ ಪ್ರತಿಭಟನೆಯ ಡೇರೆಗಳು ಎದ್ದಾಗ ಯಹೂದಿ ವಿದ್ಯಾರ್ಥಿಗಳು ಡೇರೆಗಳ ಒಳಗೂ ಇದ್ದರು, ಅವುಗಳಿಗೆ ಹೆದರಿ ದಾರಿ ಬದಲಿಸಿದವರಲ್ಲೂ ಇದ್ದರು. ಇಬ್ಬರಿಗೂ ಆ ಮನೆ ತಮ್ಮದೆನ್ನುವ ಹಕ್ಕಿದೆ.

ನನ್ನ ಅಭಿಪ್ರಾಯ ಇಷ್ಟು: ವೇದಿಕೆಯ ಮೇಲೆ ಯಾರನ್ನು ಕೂರಿಸಬೇಕು ಎಂದು ಸಂಸ್ಥೆ ನಿರ್ಧರಿಸಲಿ, ಅದು ಅದರ ಹಕ್ಕು. ಊಟದ ಮೇಜಿನಲ್ಲಿ ಯಾವ ಪ್ರಶ್ನೆ ಬರಬಹುದು ಎಂದು ನಿರ್ಧರಿಸಹೊರಟರೆ ತರಬೇತಿಯೆಲ್ಲ ವ್ಯರ್ಥ. 1948ನ್ನೇ ತೆಗೆದುಕೊಳ್ಳಿ. ಯಹೂದಿಗಳಿಗೆ ಅದು ಸ್ವಾತಂತ್ರ್ಯದ ವರ್ಷ, ಯುರೋಪಿನ ಹತ್ಯಾಕಾಂಡ ಮುಗಿದು ಮೂರೇ ವರ್ಷಕ್ಕೆ ಸಿಕ್ಕ ನೆಲೆ. ಸುಮಾರು ಏಳು ಲಕ್ಷ ಪ್ಯಾಲೆಸ್ಟೀನಿಯರು ಮನೆಮಠ ಕಳೆದುಕೊಂಡದ್ದೂ ಇಸ್ರೇಲ್ ಹುಟ್ಟಿದ ಹೊತ್ತಿನ ಯುದ್ಧದಲ್ಲೇ. ಅವರಿಗೆ ಅದು ನಕ್ಬಾ, ಮಹಾವಿಪತ್ತು. ವಿದ್ಯಾರ್ಥಿ ಈ ಎರಡನೆಯದನ್ನು ಬೀದಿಯ ಫಲಕದ ಮೇಲೆ ಮೊದಲ ಬಾರಿಗೆ ಓದಿ ಬಂದು, ‘ಇದನ್ನು ನನಗೆ ಯಾರೂ ಏಕೆ ಹೇಳಲಿಲ್ಲ?’ ಎಂದು ಕೇಳಿದರೆ ಶಿಕ್ಷಣ ಸೋತಿದೆ ಎಂದರ್ಥ. ಶಮ್ಮಾಯ್ ಪರಂಪರೆಯ ಮಾತನ್ನು ಮೊದಲು ಹೇಳಿದವರ ಹೆಸರಿಟ್ಟುಕೊಂಡ ಸಂಸ್ಥೆಗೆ ಇದು ಹೊರಗಿನವರು ಹೇರುವ ಅಳತೆಗೋಲಂತೂ ಅಲ್ಲ. ಹದಿನೇಳು ಶತಮಾನಗಳ ಹಿಂದಿನ ಮೈಲಿಗೆಯ ವಾದದಲ್ಲಿ ಸೂಕ್ಷ್ಮವಾಗಿರುವುದು ಸುಲಭ. ಗೆಳೆಯನನ್ನು ಕಳೆದುಕೊಳ್ಳುವ, ದಾನಿಯನ್ನು ಕಳೆದುಕೊಳ್ಳುವ ಭಯವಿರುವ ಕಡೆ ಹಾಗಿರಲು ಕೆಳಗಿನ ಹಂತದ ಸಿಬ್ಬಂದಿಗೆ ಮೇಲಿನವರ ಬೆಂಬಲ ಬೇಕು. ಆ ಬೆಂಬಲವನ್ನು ಯಾವ ಕಾರ್ಯಾಗಾರವೂ ಕೊಡಲಾರದು. ಇನ್ನೊಂದು ತೊಡಕೂ ಇದೆ. ಹೊಸ ಪದವೀಧರರನ್ನು ಸೇರಿಸಿಕೊಳ್ಳುವ ಹಿಲೆಲ್‌ನ ಸ್ಪ್ರಿಂಗ್‌ಬೋರ್ಡ್ ಫೆಲೋಶಿಪ್‌ನ ಅವಧಿ ಎರಡೇ ವರ್ಷ. ಕೇಳಿಸಿಕೊಳ್ಳುವುದು ಕೈಗೂಡುವ ಹೊತ್ತಿಗೆ ಹೊರಡುವ ಸಮಯ ಬಂದಿರುತ್ತದೆ.

ಕನ್ನಡ ಪತ್ರಿಕೆಗೆ ಇದೆಲ್ಲ ಏಕೆ ಎಂದೂ ಕೇಳಿದ್ದೀರಿ. ನಮ್ಮ ಓದುಗರಲ್ಲಿ ಅನೇಕರ ಮಕ್ಕಳು ಅದೇ ಕ್ಯಾಂಪಸ್ಸುಗಳಲ್ಲಿದ್ದಾರೆ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ 2008ರಲ್ಲೇ ಹಿಂದೂ ವಿದ್ಯಾರ್ಥಿಗಳಿಗಾಗಿ ಒಬ್ಬ ಧಾರ್ಮಿಕ ಮಾರ್ಗದರ್ಶಕರನ್ನು ನೇಮಿಸಿಕೊಂಡಿತು. ಅಲ್ಲಿ ಹುಟ್ಟಿದ ನಮ್ಮ ಹುಡುಗರು ಜಾತಿಯ ಬಗ್ಗೆ, ತಾವು ಯಾರು ಎಂಬುದರ ಬಗ್ಗೆ ಕೇಳುವ ಪ್ರಶ್ನೆಗಳಿಗೆ ಗಿಣಿಪಾಠ ಒಪ್ಪಿಸಿದರೆ ಸಾಕೇ ಎಂಬುದನ್ನು ಅಪ್ಪ ಅಮ್ಮಂದಿರು ಯೋಚಿಸಲಿ.

ಹೀಬ್ರೂ ಬಾರದವರು ಈ ಗ್ರಂಥಗಳನ್ನು ಓದುವುದು ಹೇಗೆ ಎಂಬ ನಿಮ್ಮ ಕೊನೆಯ ಪ್ರಶ್ನೆಗೆ ಮಾತ್ರ ನೇರ ಉತ್ತರವಿದೆ. ಸೆಫಾರಿಯಾ ಎಂಬ ಅಂತರ್ಜಾಲ ಗ್ರಂಥಾಲಯದಲ್ಲಿ ಬ್ಯಾಬಿಲೋನಿಯನ್ ತಾಲ್ಮುದ್‌ನ ಇಂಗ್ಲಿಷ್ ಅನುವಾದ 2017ರಿಂದ ಉಚಿತವಾಗಿ ಸಿಗುತ್ತಿದೆ. ಎರುವಿನ್‌ನ 13ನೇ ಹಾಳೆಯ ಎರಡನೇ ಬದಿಯಲ್ಲಿ ಅಶರೀರವಾಣಿಯ ಪ್ರಸಂಗ, ಬಾವಾ ಮೆತ್ಸಿಯಾದ 84ನೇ ಹಾಳೆಯ ಮೊದಲ ಬದಿಯಲ್ಲಿ ರೇಶ್ ಲಾಕಿಶ್ ಇದ್ದಾರೆ. ಅದೇ ಬಾವಾ ಮೆತ್ಸಿಯಾದ 59ನೇ ಹಾಳೆಯಲ್ಲಿ ಒಲೆಯೊಂದರ ಶುದ್ಧಾಶುದ್ಧದ ಬಗ್ಗೆ ರಬ್ಬಿಗಳು ಆಕಾಶವಾಣಿಯ ಮಾತನ್ನೇ ತಳ್ಳಿಹಾಕುವ ಇನ್ನೊಂದು ವಾದವಿದೆ. ಎರುವಿನ್‌ನಲ್ಲಿ ಆಕಾಶದ ತೀರ್ಪಿಗೆ ತಲೆಬಾಗಿದವರು ಇಲ್ಲಿ ಅದನ್ನು ಒಪ್ಪದಿರಲು ಕಾರಣವೇನು ಎಂಬುದರ ಬಗ್ಗೆ ತರ್ಕಶಾಸ್ತ್ರದ ಮೇಷ್ಟ್ರಿಂದ ಒಂದು ಪತ್ರ ಬಂದರೆ, ಈ ಸಲ ಪೂರ್ತಿಯಾಗಿ ಅಚ್ಚು ಹಾಕುತ್ತೇವೆ.

– ಸಂಪಾದಕ